ರಾಸ್ಪ್‌ಬೆರಿ ಪೈ 4ರಲ್ಲಿ ಈಥರ್‌ಕ್ಯಾಟ್ ಮಾಸ್ಟರ್ ಕಟ್ಟಿ ಎಂಟು ತಿಂಗಳು ಓಡಿಸಿದ್ಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇದು ಅನ್‌ಬಾಕ್ಸಿಂಗ್ ರಿವ್ಯೂ ಅಲ್ಲ. ಪೈ ಅಂದ್ರೆ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡ್, ಅದನ್ನ ಡಬ್ಬದಿಂದ ತೆಗೆದು ಒಂದು ಎಲ್‌ಇಡಿ ಮಿಣುಕಿಸಿ ಐದು ಸ್ಟಾರ್ ಕೊಟ್ಟಿರೋ ರಿವ್ಯೂಗಳು ಬೇಕಾದಷ್ಟಿವೆ, ಅದನ್ನ ಅವರು ನೋಡ್ಕೊಳ್ಳಲಿ. ನಾನು ಪೀಣ್ಯದಲ್ಲಿ ಒಂದು ಸಣ್ಣ ಆಟೊಮೇಷನ್ ವರ್ಕ್‌ಶಾಪಲ್ಲಿರೋನು. ಪ್ಯಾನಲ್ ಕಟ್ಟೋದು, ಪಿಎಲ್‌ಸಿಗೆ (ಮಷೀನ್ ನಡೆಸೋ ಕಂಟ್ರೋಲರ್) ಪ್ರೋಗ್ರಾಂ ಬರೆಯೋದು, ಮಷೀನ್ ಕೆಟ್ರೆ ಹೋಗಿ ನಿಂತ್ಕೊಳ್ಳೋದು, ಎಲ್ಲಾ ನಾವೇ ಐದಾರು ಜನ. ಒಂದು ಲೇಬಲಿಂಗ್ ಮಷೀನ್ ಕೆಲಸ ಬಂತು, ಒಂದು ಸರ್ವೊ (ಹೇಳಿದ ಜಾಗಕ್ಕೆ ಸರಿಯಾಗಿ ತಿರುಗೋ ಮೋಟರ್), ನಾಲ್ಕೈದು ಸೆನ್ಸರ್, ಒಂದಿಷ್ಟು ಸೊಲೆನಾಯ್ಡ್, ಅಷ್ಟೇ. ಆ ಮೋಟರ್ ನಡೆಸೋ ಸರ್ವೊ ಡ್ರೈವ್ ಈಥರ್‌ಕ್ಯಾಟ್‌ದು. ಅದಕ್ಕೆ ಸರಿಹೋಗೋ ಮೋಷನ್ ಪಿಎಲ್‌ಸಿಗೆ ಕೊಟೇಷನ್ ತರಿಸಿ ನೋಡಿದ್ರೆ ನಮ್ಮ ಓನರ್ ಮುಖ ಹುಳ್ಳಗಾಯ್ತು. "ನೀನು ಯಾವಾಗ ನೋಡಿದ್ರೂ ಪೈ ಪೈ ಅಂತಿರ್ತೀಯಲ್ಲಪ್ಪಾ, ಅದರಲ್ಲಿ ಆಗಲ್ವಾ?" ಅಂದ್ರು. ಆಗತ್ತೆ ಸರ್ ಅಂದ್ಬಿಟ್ಟೆ. ಬಾಯಿ ತಪ್ಪಿ ಬಂದ ಆ ಎರಡು ಪದಕ್ಕೆ ಮುಂದಿನ ಎರಡು ತಿಂಗಳ ಭಾನುವಾರಗಳು ಹೋದವು.

ಈಥರ್‌ಕ್ಯಾಟ್ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ತೀನಿ. ಮಷೀನಿನ ಡ್ರೈವ್, ಕಾರ್ಡ್‌ಗಳನ್ನ ಕಂಟ್ರೋಲರ್‌ಗೆ ಜೋಡಿಸೋ ನೆಟ್‌ವರ್ಕ್ ಇದು, ಜರ್ಮನಿಯ ಬೆಕ್‌ಹಾಫ್ ಕಂಪನಿಯೋರು 2003ರಲ್ಲಿ ತಂದಿದ್ದು. ಮಾಮೂಲಿ ಈಥರ್ನೆಟ್ ಕೇಬಲ್ಲೇ, 100 ಎಂಬಿಪಿಎಸ್ಸೇ, ಆದ್ರೆ ನಡೆಯೋ ರೀತಿ ಬೇರೆ. ಮದುವೆ ಮನೇಲಿ ಪಂಕ್ತಿ ಊಟ ನೆನೆಸ್ಕೊಳ್ಳಿ. ಬಡಿಸೋನು ಬಕೆಟ್ ಹಿಡ್ಕೊಂಡು ನಿಲ್ಲದೇ ನಡೀತಾನೆ, ಯಾರ ಎಲೆ ಮುಂದೆ ಬಂದ್ರೆ ಅವರ ಪಾಲು ಅವರಿಗೆ ಬೀಳತ್ತೆ. ಇಲ್ಲಿ ಮಾಸ್ಟರ್ (ಕಂಟ್ರೋಲರ್) ಕಳಿಸೋ ಒಂದೇ ಫ್ರೇಮ್, ಅಂದ್ರೆ ಡೇಟಾ ಪೊಟ್ಟಣ, ಎಲ್ಲಾ ಸ್ಲೇವ್‌ಗಳ (ಡ್ರೈವ್, ಕಾರ್ಡ್‌ಗಳು) ಮೂಲಕ ಹರಿದು ಹೋಗತ್ತೆ, ಪ್ರತಿಯೊಂದೂ ಹರೀತಿರೋ ಫ್ರೇಮಿಂದಲೇ ತನ್ನ ಬೈಟ್ ತಗೊಂಡು ತನ್ನ ಬೈಟ್ ಹಾಕತ್ತೆ, ಕೊನೇದು ಅದನ್ನ ವಾಪಸ್ ತಿರುಗಿಸತ್ತೆ. ವಾಪಸ್ ಬಂದಾಗ ಎಷ್ಟು ಎಲೆಗೆ ಬಡಿಸಿದೆ ಅನ್ನೋ ಲೆಕ್ಕ ಕೂಡ ಅದರಲ್ಲೇ ಇರತ್ತೆ, ಅದಕ್ಕೆ ವರ್ಕಿಂಗ್ ಕೌಂಟರ್ ಅಂತಾರೆ. ಸ್ಲೇವ್ ಕಡೆ ಇದಕ್ಕೆ ಸ್ಪೆಷಲ್ ಚಿಪ್ ಬೇಕೇ ಬೇಕು, ಆದ್ರೆ ಮಾಸ್ಟರ್ ಕಡೆ ಯಾವುದಾದ್ರೂ ಮಾಮೂಲಿ ಈಥರ್ನೆಟ್ ಪೋರ್ಟ್ ಸಾಕು, ಉಳಿದಿದ್ದೆಲ್ಲಾ ಸಾಫ್ಟ್‌ವೇರ್. ಓನರ್ ಆಸೆಗೂ ನನ್ನ ಬಾಯಿಗೂ ಇದೊಂದೇ ಆಧಾರ.

ಮೊದಲು ಮನೇಲಿ ಧೂಳು ಹಿಡೀತಿದ್ದ ಪೈ 3 ತಂದು ಹಾಕಿದೆ. ಸ್ಲೇವ್‌ಗಳು ಕಾಣಿಸಿದವು, ಆದ್ರೆ ಟೈಮಿಂಗ್ ಮಾತ್ರ ಊರು ಬಿಟ್ಟು ಊರಿಗೆ. ಆಮೇಲೆ ನೆನಪಾಯ್ತು, ಪೈ 3ರಲ್ಲಿ ಈಥರ್ನೆಟ್ ಪೋರ್ಟ್ ಯುಎಸ್‌ಬಿ ಚಿಪ್ ಹಿಂದೆ ನೇತಾಡ್ತಿರತ್ತೆ, ಪ್ರತಿ ಫ್ರೇಮೂ ಯುಎಸ್‌ಬಿ ದಾಟಿ ಬರ್ಬೇಕು. 2019ರಲ್ಲಿ ಬಂದ ಪೈ 4ರಲ್ಲಿ ಈಥರ್ನೆಟ್ ಪ್ರೊಸೆಸರ್ ಒಳಗೇ ಇದೆ, ಹೊರಗೆ ಫಿಸಿಕಲ್ ಲೇಯರ್ ಚಿಪ್ ಒಂದೇ. ಈ ಕೆಲಸಕ್ಕೆ ಪೈ 4 ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನನ್ನ ಉತ್ತರ ಇಷ್ಟೇ, ರ್‍ಯಾಮ್ ಅಲ್ಲ, ಗಿಗಾಹರ್ಟ್ಸ್ ಅಲ್ಲ, ಆ ಪೋರ್ಟು. ಎಸ್‌ಪಿ ರೋಡಿಗೆ ಹೋಗಿ 4 ಜಿಬಿದು ತಂದೆ, ಐದು ಸಾವಿರದ ಆಸುಪಾಸು ಆಯ್ತು. ಜೊತೆಗೆ ಅಂಗಡಿಯವರು "ಇದೂ ಅದೇ ಸಾರ್, ಸೇಮ್" ಅಂತ ಕೊಟ್ಟ ಟೈಪ್-ಸಿ ಅಡಾಪ್ಟರೂ ತಂದೆ. ಅದರ ಕಥೆ ಮುಂದಿದೆ.

ಸಾಫ್ಟ್‌ವೇರ್‌ಗೆ ಫ್ರೀಯಾಗಿ ಸಿಗೋದ್ರಲ್ಲಿ ಎರಡು ದಾರಿ ಮುಖ್ಯ. ಒಂದು ಸೋಯೆಮ್, ಅಂದ್ರೆ ಸಿಂಪಲ್ ಓಪನ್ ಈಥರ್‌ಕ್ಯಾಟ್ ಮಾಸ್ಟರ್, ಇದು ಮಾಮೂಲಿ ಸಿ ಲೈಬ್ರರಿ, ನಿಮ್ಮ ಪ್ರೋಗ್ರಾಂ ಒಳಗೇ ಕೂತ್ಕೊಳ್ಳತ್ತೆ. ಇನ್ನೊಂದು ಈಥರ್‌ಲ್ಯಾಬ್‌ನ ಐಜಿಎಚ್ ಮಾಸ್ಟರ್, ಅದು ಕರ್ನಲ್ ಮಾಡ್ಯೂಲ್, ಅಂದ್ರೆ ಲಿನಕ್ಸ್‌ನ ತಿರುಳಿನೊಳಗೇ ಸೇರ್ಕೊಳ್ಳೋದು. ನಾನು ಸೋಯೆಮ್‌ನಿಂದ ಶುರು ಮಾಡ್ದೆ, ಹೆಸರಲ್ಲೇ ಸಿಂಪಲ್ ಅಂತ ಇದೆಯಲ್ಲ. ನಿಜವಾಗ್ಲೂ ಸಿಂಪಲ್ಲೇ. ಗಿಟ್‌ನಿಂದ ಇಳಿಸಿ, ಬಿಲ್ಡ್ ಅಂತ ಒಂದು ಫೋಲ್ಡರ್ ಮಾಡಿ, ಅದರೊಳಗೆ ಸಿಮೇಕ್ ಕೊಟ್ಟು ಮೇಕ್ ಕೊಟ್ರೆ ಚಹಾ ತಣ್ಣಗಾಗೋದ್ರೊಳಗೆ ಮುಗೀತು, ಪೈ ಮೇಲೇ, ಬೇರೆ ಕಂಪ್ಯೂಟರೂ ಬೇಡ. ಅದರ ಜೊತೆ ಬರೋ ಸ್ಲೇವ್‌ಇನ್ಫೋ ಅನ್ನೋ ಪ್ರೋಗ್ರಾಂ ಓಡಿಸಿದ್ರೆ ಸಾಕೆಟ್ ಇಲ್ಲ, ರೂಟ್ ಆಗಿ ಓಡಿಸು ಅಂತ ಬೈತು. ಸುಡೋ ಹಾಕ್ದೆ. ಸಾಲಾಗಿ ಕಪ್ಲರ್, ಇನ್‌ಪುಟ್ ಕಾರ್ಡ್, ಔಟ್‌ಪುಟ್ ಕಾರ್ಡ್, ಕೊನೇಲಿ ಡ್ರೈವ್ ಹೆಸರು ಸ್ಕ್ರೀನ್ ಮೇಲೆ ಬಂತು ನೋಡಿ, ಅವತ್ತು ಓನರ್‌ಗೆ ಫೋಟೊ ತೆಗೆದು ಕಳಿಸ್ದೆ, ಅವರು ಅದನ್ನ ಸ್ಟೇಟಸ್‌ಗೆ ಹಾಕಿದ್ರು. ಅಲ್ಲಿಗೆ ಕೆಲಸ ಮುಗೀತು ಅಂತ ಅವರಂದುಕೊಂಡ್ರು, ನಾನೂ ಅಂದುಕೊಂಡೆ.

ವರ್ಕಿಂಗ್ ಕೌಂಟರ್ ಬಗ್ಗೆ ಇಲ್ಲೇ ಒಂದ್ಮಾತು, ಯಾಕಂದ್ರೆ ಆಮೇಲೆ ಪ್ರತಿ ಸಲ ನನ್ನನ್ನ ಕಾಪಾಡಿದ್ದು ಇದೇ. ಒಂದು ಸ್ಲೇವ್‌ನಿಂದ ಓದೋದು ಆದ್ರೆ 1 ಸೇರತ್ತೆ, ಬರೆಯೋದು ಆದ್ರೆ 2. ನಮ್ಮದ್ರಲ್ಲಿ ಇನ್‌ಪುಟ್ ಕಾರ್ಡ್ 1, ಔಟ್‌ಪುಟ್ ಕಾರ್ಡ್ 2, ಡ್ರೈವ್ ಎರಡೂ ಮಾಡೋದ್ರಿಂದ 3, ಒಟ್ಟು 6 ಬರ್ಬೇಕು. 6 ಬಂದ್ರೆ ಎಲ್ಲಾ ಕ್ಷೇಮ. 3 ಬಂತು ಅಂದ್ರೆ ಡ್ರೈವ್ ಮುನಿಸ್ಕೊಂಡಿದೆ ಅಂತ ಪ್ಯಾನಲ್ ಬಾಗಿಲು ತೆಗೀದೇನೇ ಹೇಳ್ಬಹುದು. ಒಂದೇ ನಂಬರ್ ನೋಡಿ ಯಾವ ಕೇಬಲ್ ಕಡೆ ಕೈ ಹಾಕ್ಬೇಕು ಅಂತ ಗೊತ್ತಾಗೋದು ಇದೆಯಲ್ಲ, ಹಳೇ ಸೀರಿಯಲ್ ನೆಟ್‌ವರ್ಕಲ್ಲಿ ಒದ್ದಾಡಿದೋರಿಗೆ ಇದರ ಬೆಲೆ ಗೊತ್ತು.

ಪೈ 4ರಲ್ಲಿ ಈಥರ್ನೆಟ್ ಪೋರ್ಟ್ ಇರೋದು ಒಂದೇ, ಅದು ಈಥರ್‌ಕ್ಯಾಟ್‌ಗೆ ಹೋದ್ಮೇಲೆ ನೀವು ಲ್ಯಾಪ್‌ಟಾಪಿಂದ ಪೈ ಒಳಗೆ ಹೋಗೋಕೆ ಸುಲಭದ ದಾರಿ ವೈಫೈ. ಪೈಗೆ ಯುಎಸ್‌ಬಿ ಈಥರ್ನೆಟ್ ಡಾಂಗಲ್ ಹಾಕ್ಬಹುದು, ಆದ್ರೆ ಡಾಂಗಲ್ಲನ್ನ ಲ್ಯಾಪ್‌ಟಾಪ್ ಜೊತೆ ಮಾತಾಡೋಕೆ ಇಟ್ಕೊಳ್ಳಿ, ಡ್ರೈವ್ ಕಡೆಗೆ ಹಾಕಿದ್ರೆ ಮತ್ತೆ ಪೈ 3ರ ಕಥೆನೇ. ಇನ್ನೊಂದು, ಓಎಸ್‌ನ ನೆಟ್‌ವರ್ಕ್ ಮ್ಯಾನೇಜರ್ ಆ ಪೋರ್ಟಲ್ಲಿ ಐಪಿ ಅಡ್ರೆಸ್ ಕೊಡೋರು ಯಾರಾದ್ರೂ ಇದೀರಾ ಅಂತ ಕೂಗ್ತಾನೇ ಇರತ್ತೆ, ಈ ಪೋರ್ಟ್ ನಿಂದಲ್ಲ ಅಂತ ಅದಕ್ಕೆ ಹೇಳಿ ಸುಮ್ನಿರಿಸ್ಬೇಕು. ಒಂದು ಲೈನ್ ಕಮ್ಯಾಂಡು, ಆದ್ರೆ ಮರೀಬೇಡಿ.

ಈಗ ನಿಜವಾದ ತಲೆನೋವಿಗೆ ಬರೋಣ, ರಿಯಲ್ ಟೈಮ್, ಅಂದ್ರೆ ಹೇಳಿದ ಹೊತ್ತಿಗೆ ತಪ್ಪದೆ ಕೆಲಸ ಆಗೋದು. ಮಷೀನಿಗೆ ಪ್ರತಿ 1 ಮಿಲಿಸೆಕೆಂಡಿಗೆ ಒಂದು ಫ್ರೇಮ್ ಹೋಗ್ಬೇಕು. ಮಾಮೂಲಿ ಕರ್ನಲ್ ಮೇಲೆ ಹೇಳಿದ ಹೊತ್ತಿಗಿಂತ ಎಷ್ಟು ತಡ ಆಗತ್ತೆ ಅಂತ ಅಳೆಯೋ ಸೈಕ್ಲಿಕ್‌ಟೆಸ್ಟ್ ಓಡಿಸಿ ನೋಡಿದ್ರೆ ಸರಾಸರಿ ಏನೋ ಚೆನ್ನಾಗೇ ಇತ್ತು, ಆದ್ರೆ ಅದೇ ಹೊತ್ತಿಗೆ ಒಂದು ದೊಡ್ಡ ಫೈಲ್ ಕಾಪಿ ಹಾಕಿದ್ರೆ ಮ್ಯಾಕ್ಸ್ ಅನ್ನೋ ಕಾಲಂ ಜಿಗಿಯೋದು. ಅನ್ನದಲ್ಲಿ ಸರಾಸರಿ ಎಷ್ಟು ಕಲ್ಲಿದೆ ಅಂತ ಯಾರೂ ಕೇಳಲ್ಲ, ಹಲ್ಲಿಗೆ ಸಿಕ್ಕಿದ್ದು ಒಂದೇ ಸಾಕು. ಅದಕ್ಕೆ ಪ್ರೀಎಂಪ್ಟ್ ಆರ್‌ಟಿ, ಅಂದ್ರೆ ರಿಯಲ್ ಟೈಮ್ ಕೆಲಸಕ್ಕೆ ಮಾಡಿದ ಕರ್ನಲ್ ಬೇಕು. ಮುಂಚೆ ಇದು ಬೇರೆ ಪ್ಯಾಚ್ ಆಗಿ ಬರ್ತಿತ್ತು, ಕರ್ನಲ್ ವರ್ಷನ್‌ಗೂ ಪ್ಯಾಚ್ ವರ್ಷನ್‌ಗೂ ಜಾತಕ ಕೂಡಿಸ್ಬೇಕಿತ್ತು. 2024ರ ಕೊನೇಲಿ ಬಂದ 6.12 ಕರ್ನಲ್‌ನಿಂದ ಅದು ಮುಖ್ಯ ಲಿನಕ್ಸ್ ಒಳಗೇ ಸೇರ್ಕೊಂಡಿದೆ, ಮೆನುವಲ್ಲಿ ಒಂದು ಆಯ್ಕೆ ಮಾಡಿ ಕಂಪೈಲ್ ಮಾಡಿದ್ರೆ ಆಯ್ತು. ಆದ್ರೆ ಕರ್ನಲ್‌ನ ದಯವಿಟ್ಟು ಪೈ ಮೇಲೇ ಕಂಪೈಲ್ ಮಾಡೋಕೆ ಕೂರ್ಬೇಡಿ, ಗಂಟೆಗಟ್ಟಲೆ ತಗೊಳ್ಳತ್ತೆ, ಬಿಸಿ ಬೇರೆ. ಲ್ಯಾಪ್‌ಟಾಪಲ್ಲಿ ಕ್ರಾಸ್ ಕಂಪೈಲ್ ಮಾಡಿ ಕಾಪಿ ಹಾಕೋದೇ ವಾಸಿ.

ಇದರ ಜೊತೆ ನಾಲ್ಕು ಕೋರಲ್ಲಿ ಒಂದನ್ನ ಈ ಕೆಲಸಕ್ಕೇ ಮೀಸಲಿಡ್ಬೇಕು, ಪೈ ಶುರುವಾಗುವಾಗ ಓದೋ ಸಿಎಂಡಿಲೈನ್ ಫೈಲಲ್ಲಿ ಐಸೋಲ್‌ಸಿಪಿಯುಸ್ ಅಂತ ಸೇರಿಸಿ. ನಾನು ಎಂಟರ್ ಹೊಡೆದು ಎರಡನೇ ಸಾಲಲ್ಲಿ ನೀಟಾಗಿ ಬರ್ದೆ. ಆ ಫೈಲಲ್ಲಿ ಎಲ್ಲಾ ಒಂದೇ ಸಾಲಲ್ಲಿ ಇರ್ಬೇಕಂತೆ. ಅದು ಎರರ್ ಕೂಡ ಕೊಡಲ್ಲ, ಸುಮ್ನೆ ಎರಡನೇ ಸಾಲನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಮೂರು ದಿನ ನಾನು ಇಲ್ಲದ ಮೀಸಲು ಕೋರ್ ಮೇಲೆ ಟೆಸ್ಟ್ ಮಾಡ್ತಾ ಕೂತಿದ್ದೆ. ಸರಿ ಮಾಡಿದ್ಮೇಲೆ, ಕ್ಲಾಕ್ ಗವರ್ನರ್‌ನ ಪರ್ಫಾರ್ಮೆನ್ಸ್‌ಗೆ ಹಾಕಿ, ಪ್ರೋಗ್ರಾಂ ಮೆಮೊರಿ ಲಾಕ್ ಮಾಡಿದ್ಮೇಲೆ, ರಾತ್ರಿಯಿಡೀ ಓಡಿಸಿದ ಟೆಸ್ಟಲ್ಲಿ ಮ್ಯಾಕ್ಸ್ ನೂರು ಮೈಕ್ರೋಸೆಕೆಂಡ್ ಒಳಗೇ ನಿಂತಿತ್ತು. 1 ಮಿಲಿಸೆಕೆಂಡ್ ಸೈಕಲ್‌ಗೆ ಇದು ಧಾರಾಳ. ಈ ಬೆಲೆಗೆ ಇಷ್ಟು ಮಾಡತ್ತಲ್ಲ ಅಂತ ನನಗೆ ನಿಜಕ್ಕೂ ಖುಷಿ ಆಯ್ತು, ಇಲ್ಲಿ ಬೋರ್ಡಿಗೆ ಪೂರ್ತಿ ಮಾರ್ಕ್ಸ್.

ಆಮೇಲೆ ಶುರುವಾಯ್ತು ಬಿಕ್ಕಳಿಕೆ. ಮೋಟರ್ ನಿಧಾನಕ್ಕೆ ಒಂದೇ ಸ್ಪೀಡಲ್ಲಿ ತಿರುಗ್ತಾ ಬಿಟ್ಟು ನಾವೆಲ್ಲ ಟೀ ಕುಡೀತಾ ಇದ್ವಿ. ನಮ್ಮಲ್ಲಿ ಪ್ಯಾನಲ್ ವೈರಿಂಗ್ ಮಾಡೋ ಅಣ್ಣ ಒಬ್ರಿದಾರೆ, ತುಮಕೂರು ಕಡೆಯೋರು, ಕಂಪ್ಯೂಟರ್ ಮುಟ್ಟಲ್ಲ, ಆದ್ರೆ ಕಾಂಟ್ಯಾಕ್ಟರ್ ಸದ್ದು ಕೇಳಿಯೇ ಕಾಯಿಲ್ ಹೋಗ್ತಿದೆ ಅಂತ ಹೇಳೋ ಕಿವಿ. ಲೋಟ ಕೆಳಗಿಟ್ಟು "ಸಾ, ನಿಮ್ ಮೋಟ್ರು ಬಿಕ್ಕಳಿಸ್ತೈತೆ" ಅಂದ್ರು. ನನಗೇನೂ ಕೇಳಿಸ್ಲಿಲ್ಲ. "ತಡೀರಿ, ಇನ್ನೊಂದ್ಸಲ ಬತ್ತದೆ" ಅಂತ ಫೋನಲ್ಲಿ ಗಡಿಯಾರ ಹಿಡ್ಕೊಂಡು ನಿಂತ್ರು. ಒಂದೂವರೆ ನಿಮಿಷಕ್ಕೊಂದ್ಸಲ, ಸಣ್ಣಗೆ ಟಿಕ್. ಎರಡನೇ ಸಲ ನನಗೂ ಕೇಳಿಸ್ತು, ಮೂರನೇ ಸಲ ಹೊಟ್ಟೇಲಿ ಏನೋ ಆಯ್ತು, ಯಾಕಂದ್ರೆ ಇಷ್ಟು ಕ್ರಮವಾಗಿ ಬರೋ ತೊಂದ್ರೆ ವೈರಿಂಗ್‌ದಲ್ಲ, ನನ್ನ ಕೋಡ್‌ದು.

ವಿಷಯ ಏನಂದ್ರೆ ಡ್ರೈವ್ ಒಳಗೆ ಅದರದ್ದೇ ಕ್ಲಾಕ್ ಇದೆ, ಈಥರ್‌ಕ್ಯಾಟಲ್ಲಿ ಡಿಸ್ಟ್ರಿಬ್ಯೂಟೆಡ್ ಕ್ಲಾಕ್ ಅಂತಾರೆ, ಸ್ಲೇವ್‌ಗಳೆಲ್ಲ ತಮ್ಮತಮ್ಮಲ್ಲಿ ಅದನ್ನ ಹೊಂದಿಸ್ಕೊಂಡಿರ್ತವೆ. ಪೈ ಒಳಗೆ ಇರೋದು ಬೇರೆ ಕ್ರಿಸ್ಟಲ್. ಎರಡು ಗೋಡೆ ಗಡಿಯಾರ ಎಷ್ಟೇ ಒಳ್ಳೆವಾದ್ರೂ ಒಂದೇ ಥರ ಓಡಲ್ವಲ್ಲ ಹಾಗೆ. ಸೆಕೆಂಡಿಗೆ ಬರೀ 10 ಮೈಕ್ರೋಸೆಕೆಂಡ್ ವ್ಯತ್ಯಾಸ ಇದ್ರೂ 100 ಸೆಕೆಂಡಲ್ಲಿ ಒಂದು ಪೂರ್ತಿ ಮಿಲಿಸೆಕೆಂಡ್ ಜಾರಿರತ್ತೆ, ಅಂದ್ರೆ ಒಂದು ಸೈಕಲ್. ನನ್ನ ಫ್ರೇಮ್ ಜಾರ್ತಾ ಜಾರ್ತಾ ಡ್ರೈವ್ ಡೇಟಾ ತಗೊಳ್ಳೋ ಕ್ಷಣದ ಮೇಲೇ ಬಂದಾಗ ಒಂದ್ಸಲ ಹಳೇ ಪೊಸಿಷನ್ನೇ ಸಿಗತ್ತೆ, ಟಿಕ್. ನಾನು ಹಾಕಿದ ಸೋಯೆಮ್ ವರ್ಷನ್‌ನ ಉದಾಹರಣೆಗಳಲ್ಲಿ ರೆಡ್‌ಟೆಸ್ಟ್ ಅಂತ ಒಂದಿದೆ, ಅದರಲ್ಲಿ ಪೈ ಕಡೆಯ ಟೈಮನ್ನ ಸ್ಲೇವ್ ಟೈಮಿಗೆ ಸ್ವಲ್ಪಸ್ವಲ್ಪವೇ ಎಳೆದು ತರೋ ನಾಲ್ಕೈದು ಸಾಲಿನ ಪಿಐ (ಪ್ರಪೋರ್ಷನಲ್-ಇಂಟೆಗ್ರಲ್) ಲೆಕ್ಕ ಇದೆ. ಅದನ್ನ ತಂದು ಹಾಕಿದ್ಮೇಲೆ ಬಿಕ್ಕಳಿಕೆ ಹೋಯ್ತು. ಮಜಾ ಏನಂದ್ರೆ ಎಲ್ಲರೂ ಮೊದಲು ನೋಡೋ ಸಿಂಪಲ್‌ಟೆಸ್ಟ್ ಉದಾಹರಣೇಲಿ ಇದಿಲ್ಲ. ಸೋಯೆಮ್ ಮೇಲೆ ನನ್ನ ದೊಡ್ಡ ದೂರು ಇದೇ, ಕೋಡ್ ಬಂಗಾರ, ಆದ್ರೆ ಸರ್ವೊ ಓಡಿಸೋನಿಗೆ ಬೇಕೇ ಬೇಕಾದ ವಿಷಯ ಎಲ್ಲೋ ಮೂಲೇಲಿ ಅಡಗಿದೆ.

ಇನ್ನೊಂದು ಪೂರ್ತಿ ನನ್ನ ತಪ್ಪು, ಆದ್ರೂ ಹೇಳ್ತೀನಿ, ಬೇರೆಯವರಿಗೆ ಉಪಯೋಗ ಆಗ್ಲಿ. ದಿನಾ ಸಂಜೆ ನಾನು ಹೊರಡೋ ಹೊತ್ತಿಗೆ ಮಷೀನ್ ನಿಲ್ಲೋದು. ಬೆಳಿಗ್ಗೆಯಿಂದ ಸಂಜೆವರೆಗೂ ಸರಿ, ನಾನು ಬ್ಯಾಗ್ ಹಾಕ್ಕೊಂಡು ಗೇಟ್ ದಾಟೋದ್ರೊಳಗೆ ಟಕ್ ಅಂತ ಬ್ರೇಕ್ ಬಿದ್ದು ಡ್ರೈವ್ ಅಲಾರಂ. ಇವನು ಹೋದ್ರೆ ಮಷೀನಿಗೂ ಬೇಜಾರು ಅಂತ ಎಲ್ಲರೂ ನಗೋರು. ಡ್ರೈವ್‌ನ ಸ್ಟೇಟಸ್ ಕೋಡ್ ಓದಿದ್ರೆ ಹೆಕ್ಸಲ್ಲಿ 1ಬಿ, ಅಂದ್ರೆ ಸಿಂಕ್ ಮ್ಯಾನೇಜರ್ ವಾಚ್‌ಡಾಗ್, ಅಂದ್ರೆ ಮಾಸ್ಟರ್ ಕಡೆಯಿಂದ ಡೇಟಾ ಬರೋದು ನಿಂತಿದೆ. ಡೀಫಾಲ್ಟ್ 100 ಮಿಲಿಸೆಕೆಂಡ್ ಕಾಯತ್ತೆ ಅದು. ನೂರು ಸೈಕಲ್ ಪೂರ್ತಿ ಮಾಯ ಆಗೋಕೆ ಕಾರಣ ಏನು? ನನ್ನ ರಿಯಲ್ ಟೈಮ್ ಲೂಪ್ ಒಳಗೆ ಒಂದು ಪ್ರಿಂಟ್‌ಎಫ್ ಇತ್ತು, ವರ್ಕಿಂಗ್ ಕೌಂಟರ್ ಎಷ್ಟು ಅಂತ ಲ್ಯಾಪ್‌ಟಾಪ್ ಸ್ಕ್ರೀನ್‌ಗೆ ಬರೆಯೋದು. ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ವೈಫೈ ಹೋಗತ್ತೆ, ಬರೆದಿದ್ದು ಬಫರಲ್ಲಿ ತುಂಬ್ಕೊಳ್ಳತ್ತೆ, ತುಂಬಿದ್ಮೇಲೆ ಪ್ರಿಂಟ್‌ಎಫ್ ಅಲ್ಲೇ ನಿಂತ್ಕೊಂಡು ಕಾಯತ್ತೆ, ಅದರ ಹಿಂದೆ ಇಡೀ ಲೂಪ್ ನಿಂತ್ಕೊಳ್ಳತ್ತೆ. ಮೀಸಲು ಕೋರು, ಆರ್‌ಟಿ ಕರ್ನಲ್ಲು, ಎಲ್ಲಾ ಮಾಡಿ ಕೊನೆಗೆ ಒಂದು ಪ್ರಿಂಟ್‌ಎಫ್ ಕೈಲಿ ಜುಟ್ಟು ಕೊಟ್ಟಿದ್ದೆ. ಈಗ ಲೂಪ್ ಬರೀ ಮೆಮೊರೀಲಿ ಬರೆದಿಟ್ಟು ಹೋಗತ್ತೆ, ಬೇರೆ ಥ್ರೆಡ್ ಬಿಡುವಾದಾಗ ಅದನ್ನ ಪ್ರಿಂಟ್ ಮಾಡತ್ತೆ.

ಅಡಾಪ್ಟರ್ ಕಥೆ ಹೇಳ್ತೀನಿ ಅಂದಿದ್ದೆನಲ್ಲ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಸರಿಯಾಗಿ ಬೇಕು, 4.63 ವೋಲ್ಟ್‌ಗಿಂತ ಕೆಳಗಿಳಿದ್ರೆ ಅಂಡರ್‌ವೋಲ್ಟೇಜ್ ಅಂತ ಬರ್ಕೊಂಡು ಪ್ರೊಸೆಸರ್ ಸ್ಪೀಡ್ ಇಳಿಸ್ಬಿಡತ್ತೆ. ಥ್ರಾಟಲ್ ಸ್ಥಿತಿ ಕೇಳೋ ಕಮ್ಯಾಂಡ್ ಕೊಟ್ರೆ ನನಗೆ 50005 ಅಂತ ಬಂತು, ಹಿಂದೆಯೂ ಆಗಿದೆ ಈಗಲೂ ಆಗ್ತಿದೆ ಅಂತ ಅದರರ್ಥ. ಆ ಸೇಮ್ ಅಡಾಪ್ಟರ್ ಮೂಲೆಗೆ ಹೋಯ್ತು, ಈಗ ಪ್ಯಾನಲ್‌ನ 24 ವೋಲ್ಟ್ ಪವರ್ ಸಪ್ಲೈನಿಂದ ವೋಲ್ಟೇಜ್ ಇಳಿಸೋ ಒಂದು ಒಳ್ಳೆ ಬಕ್ ಕನ್ವರ್ಟರ್ ಹಾಕಿ ಕೊಡ್ತಿದೀನಿ. ಬಿಸಿಯೂ ಅಷ್ಟೇ, 80 ಡಿಗ್ರಿಗೆ ಅದು ಸ್ಪೀಡ್ ಕಮ್ಮಿ ಮಾಡೋಕೆ ಶುರು ಮಾಡತ್ತೆ, ಮುಚ್ಚಿದ ಪ್ಯಾನಲ್ ಒಳಗೆ ವಿಎಫ್‌ಡಿ (ಮೋಟರ್ ಸ್ಪೀಡ್ ಬದಲಿಸೋ ಡ್ರೈವ್) ಪಕ್ಕದಲ್ಲಿ ಏಪ್ರಿಲ್ ತಿಂಗಳಲ್ಲಿ 80 ಏನು ದೊಡ್ಡದಲ್ಲ. ಮೈತುಂಬ ಅಲ್ಯೂಮಿನಿಯಂ ಇರೋ ಕೇಸ್ ಹಾಕಿ. ಫ್ಯಾನ್ ಬೇಡ, ಪೀಣ್ಯದ ಧೂಳಲ್ಲಿ ಫ್ಯಾನ್ ಎಷ್ಟು ದಿನ ಬಾಳತ್ತೆ ನೀವೇ ಹೇಳಿ.

ಐಜಿಎಚ್ ಮಾಸ್ಟರೂ ಹಾಕಿ ನೋಡಿದೆ. ಕಟ್ಟೋದು ಸ್ವಲ್ಪ ಜಾಸ್ತಿ ಕೆಲಸ, ನಿಮ್ಮ ಕರ್ನಲ್‌ನ ಹೆಡರ್ಸ್ ಬೇಕು, ಜೆನೆರಿಕ್ ಡ್ರೈವರ್ ಆನ್ ಮಾಡ್ಬೇಕು, ಬೇಡದ ಕಾರ್ಡ್‌ಗಳ ಡ್ರೈವರ್ ಆಫ್ ಮಾಡ್ಬೇಕು, ಕಾನ್ಫಿಗ್ ಫೈಲಲ್ಲಿ ಪೋರ್ಟ್‌ನ ಮ್ಯಾಕ್ ಅಡ್ರೆಸ್ ಬರೀಬೇಕು. ಕರ್ನಲ್ ಅಪ್‌ಡೇಟ್ ಆದ್ರೆ ಮಾಡ್ಯೂಲ್ ಮತ್ತೆ ಕಟ್ಬೇಕು, ಹಾಗಾಗಿ ಅಪ್‌ಗ್ರೇಡ್ ಕಮ್ಯಾಂಡ್ ಕಡೆ ಕೈ ಹೋಗದ ಹಾಗೆ ನೋಡ್ಕೊಳ್ಳಿ. ಆದ್ರೆ ಅದರ ಕಮ್ಯಾಂಡ್ ಲೈನ್ ಟೂಲ್ ಮಾತ್ರ ಎಷ್ಟು ಹೊಗಳಿದ್ರೂ ಕಮ್ಮಿ. ಸ್ಲೇವ್ ಪಟ್ಟಿ, ಯಾವುದು ಯಾವ ಸ್ಟೇಟಲ್ಲಿದೆ, ಡ್ರೈವ್‌ನ ಪ್ಯಾರಾಮೀಟರ್ ಓದೋದು ಬರೆಯೋದು, ಜೊತೆಗೆ ಡ್ರೈವ್‌ನ ಪಿಡಿಒ ಮ್ಯಾಪಿಂಗನ್ನ, ಅಂದ್ರೆ ಫ್ರೇಮಿನ ಯಾವ ಬೈಟಲ್ಲಿ ಏನಿದೆ ಅನ್ನೋ ಪಟ್ಟಿಯನ್ನ, ನೇರ ಸಿ ಕೋಡ್ ಆಗಿ ಉಗುಳಿಕೊಡತ್ತೆ. ಕೈಯಲ್ಲಿ ಬರೆಯೋಕೆ ಹೋಗಿ ಒಂದು ಬೈಟ್ ತಪ್ಪಿ ಅರ್ಧ ದಿನ ಕಳ್ಕೊಂಡೋರಿಗೆ ಇದು ದೇವರು ಕೊಟ್ಟಿದ್ದು. ನಾನೀಗ ಹೊಸ ಡ್ರೈವ್ ಬಂದ್ರೆ ಐಜಿಎಚ್‌ನಲ್ಲಿ ಇಣುಕಿ ನೋಡ್ತೀನಿ, ಓಡಿಸೋದು ಸೋಯೆಮಲ್ಲಿ. ಸಿ ಕೋಡ್ ಬರೆಯೋದೇ ಬೇಡ ಅನ್ನೋರಿಗೆ ಪೈಯನ್ನೇ ಪಿಎಲ್‌ಸಿ ಮಾಡೋ ಕೋಡೆಸಿಸ್‌ನ ರನ್‌ಟೈಮ್ ಇದೆ, ಲೈಸೆನ್ಸ್ ಇಲ್ಲದೆ ಎರಡು ಗಂಟೆ ಓಡಿ ನಿಂತ್ಕೊಳ್ಳತ್ತೆ, ಕಲಿಯೋಕೆ ಅಷ್ಟು ಸಾಕು. ಮಷೀನ್ ಜೊತೆ ಮಾರೋ ಯೋಚನೆ ಇದ್ರೆ ಸೋಯೆಮ್, ಐಜಿಎಚ್ ಎರಡರದ್ದೂ ಲೈಸೆನ್ಸ್ ಕೂತು ಓದಿ, ಜಿಪಿಎಲ್ (ಒಂದು ಓಪನ್ ಸೋರ್ಸ್ ಲೈಸೆನ್ಸ್) ಅಂದ್ರೆ ಸುಮ್ನೆ ಅಲ್ಲ.

ಹಾಗಾದ್ರೆ ಆ ಲೇಬಲಿಂಗ್ ಮಷೀನ್ ಪೈ ಮೇಲೆ ಹೋಯ್ತಾ? ಇಲ್ಲ. ವರ್ಕ್‌ಶಾಪಲ್ಲಿ ಟ್ರಯಲ್ ಎಲ್ಲಾ ಪೈ ಮೇಲೇ ಆಯ್ತು, ಲೇಬಲ್ ಸೊಟ್ಟ ಬೀಳ್ದೆ ದಿನಗಟ್ಟಲೆ ಓಡ್ತು. ಕಳಿಸೋ ವಾರದಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು, ಮತ್ತೆ ಬಂತು. ಡ್ರೈವ್ ಎದ್ದಿತು, ಪೈ ಏಳ್ಲಿಲ್ಲ. ಎಸ್‌ಡಿ ಕಾರ್ಡ್ ಹೋಗಿತ್ತು. ಕಾರ್ಡನ್ನ ರೀಡ್ ಓನ್ಲಿ ಮಾಡೋ ಓವರ್‌ಲೇ ಆಯ್ಕೆ ರಾಸ್ಪಿ ಕಾನ್ಫಿಗಲ್ಲೇ ಇದೆ, ನಾನು ನಾಳೆ ಮಾಡಿದ್ರಾಯ್ತು ಅಂತ ಬಿಟ್ಟಿದ್ದೆ. ಹತ್ತು ನಿಮಿಷದಲ್ಲಿ ಬೇರೆ ಕಾರ್ಡ್ ಹಾಕಿ ಎಬ್ಬಿಸ್ದೆ. ಆದ್ರೆ ಓನರ್ ಪಕ್ಕದಲ್ಲೇ ನಿಂತು ನೋಡ್ತಿದ್ರು. "ಇದು ಕಸ್ಟಮರ್ ಹತ್ರ ರಾತ್ರಿ ಎರಡು ಗಂಟೆಗೆ ಆದ್ರೆ ಯಾರಪ್ಪ ಹೋಗ್ತಾರೆ?" ಅಂತ ಕೇಳಿದ್ರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಮೋಷನ್ ಪಿಎಲ್‌ಸಿ ಆರ್ಡರ್ ಮಾಡಿದ್ವಿ.

ಒಂದು ಎಚ್ಚರಿಕೆ, ಇದನ್ನ ಯಾರೂ ಹಾರಿಸ್ಬೇಡಿ. ಯಾವ ಮಾಸ್ಟರ್ ಹಾಕಿದ್ರೂ ಎಮರ್ಜೆನ್ಸಿ ಬಟನ್ ಪೈ ಮೂಲಕ ಹೋಗ್ಬಾರ್ದು. ಸೇಫ್ಟಿ ರಿಲೇಯಿಂದ ನೇರ ಡ್ರೈವ್‌ನ ಎಸ್‌ಟಿಒ (ಮೋಟರ್‌ಗೆ ಹೋಗೋ ಶಕ್ತಿ ಕಡಿಯೋ) ಟರ್ಮಿನಲ್‌ಗೆ ವೈರ್ ಎಳೀರಿ. ಸಾಫ್ಟ್‌ವೇರ್ ನಿಂತ್ರೂ ಮೋಟರ್ ನಿಲ್ಬೇಕು.

ಈಗ ಆ ಪೈ ನಮ್ಮ ಟೆಸ್ಟ್ ಟೇಬಲ್ ಮೇಲಿದೆ, ದಿನಾ ಕೆಲಸ ಮಾಡ್ತಿದೆ. ರಿಪೇರಿಗೆ ಬರೋ ಡ್ರೈವ್, ಐಒ ಕಾರ್ಡ್ ಏನೇ ಇದ್ರೂ ಮೊದಲು ಅದಕ್ಕೆ ಕನೆಕ್ಟ್ ಆಗತ್ತೆ, ವೈರಿಂಗ್ ಅಣ್ಣನೇ ಕೇಬಲ್ ಹಾಕಿ ಕೌಂಟರ್ ನೋಡಿ "ಸಾ, ಆರು ಬತ್ತಿಲ್ಲ, ಮೂರೇ" ಅಂತ ಕೂಗ್ತಾರೆ. ಟೆಸ್ಟ್ ಬೆಂಚಿಗೆ, ಕಲಿಯೋಕೆ, ಕಾಲೇಜ್ ಪ್ರಾಜೆಕ್ಟಿಗೆ ಐದಕ್ಕೆ ಐದು. ಕಸ್ಟಮರ್ ಮಷೀನಿಗೆ ಎರಡೂವರೆ, ಆ ಕಳೆದ ಎರಡೂವರೆಯೂ ಈಥರ್‌ಕ್ಯಾಟ್‌ಗಲ್ಲ, ಎಸ್‌ಡಿ ಕಾರ್ಡ್, ಪವರ್, ಬಿಸಿ ಇವುಗಳಿಗೆ. ಮಷೀನಿಗೇ ಹಾಕ್ಬೇಕು ಅಂತಿದ್ರೆ ಕಂಪ್ಯೂಟ್ ಮಾಡ್ಯೂಲ್ (ಪೈಯದೇ ಚಿಕ್ಕ ರೂಪ) ಒಳಗಿಟ್ಟು ಪ್ಯಾನಲ್‌ನ ಡಿನ್ ರೈಲ್‌ಗೆ ಕೂರೋ ಹಾಗೆ, 24 ವೋಲ್ಟ್‌ಗೆ ಮಾಡಿರೋ ರೆವಲ್ಯೂಷನ್ ಪೈ ಥರದ್ದು ನೋಡಿ, ಅದರಲ್ಲಿ ಎಸ್‌ಡಿ ಕಾರ್ಡ್ ಬದಲು ಬೋರ್ಡ್ ಮೇಲೇ ಮೆಮೊರಿ ಇರತ್ತೆ, ಬೆಲೆ ಮಾತ್ರ ಬೇರೆ ಲೆಕ್ಕ.

ತಗೊಳ್ಳೋರು 4 ಜಿಬಿ ತಗೋಬೇಡಿ, ಈ ಕೆಲಸಕ್ಕೆ 2 ಜಿಬಿ ಸಾಕು, ಉಳಿದ ದುಡ್ಡು ಪವರ್ ಸಪ್ಲೈಗೆ ಹಾಕಿ. ಪೈ 5 ತಗೋಬಹುದಾ ಅಂತ ಈಗಾಗ್ಲೇ ಇಬ್ಬರು ಕೇಳಿದ್ರು. ಅದರಲ್ಲಿ ಈಥರ್ನೆಟ್ ಪ್ರೊಸೆಸರ್ ಒಳಗಿಲ್ಲ, ಆರ್‌ಪಿ1 ಅನ್ನೋ ಪಕ್ಕದ ಚಿಪ್ ಒಳಗಿದೆ, ಡ್ರೈವರೂ ಬೇರೆ. ಹಾಗಾಗಿ ಮೇಲೆ ಹೇಳಿದ ನನ್ನ ನಂಬರ್‌ಗಳನ್ನ ಅದಕ್ಕೆ ಹಚ್ಬೇಡಿ, ತಂದ ದಿನವೇ ಸೈಕ್ಲಿಕ್‌ಟೆಸ್ಟ್ ಒಂದು ರಾತ್ರಿ ಓಡಿಸಿ ನೋಡಿ, ಸಿಎಂಡಿಲೈನ್ ಫೈಲಲ್ಲಿ ಎಂಟರ್ ಹೊಡೀಬೇಡಿ.